ಸುಖದೊಳಗಿದ್ದ ದೈವ, ಸುವಾರ್ತೆಯೊಳಗಿನ ದೆವ್ವ

ಬಾಳು ತುಂಬಿಬಂದ ಸುಖಕ್ಕೆ ಗ್ರೀಕರು ‘ಯುದೈಮೋನಿಯಾ’ ಎನ್ನುತ್ತಿದ್ದರು. ಅರಿಸ್ಟಾಟಲನ ನೀತಿಶಾಸ್ತ್ರ ನಿಂತಿರುವುದೇ ಈ ಪದದ ಮೇಲೆ. ಪದವನ್ನು ಬಿಡಿಸಿ ನೋಡಿ. ‘ಯು’ ಎಂದರೆ ಒಳ್ಳೆಯದು. ಉಳಿದದ್ದು ‘ದೈಮೋನ್’. ಇಂಗ್ಲಿಷಿನ ‘ಡೀಮನ್’ ಹುಟ್ಟಿದ್ದು ಇದರಿಂದಲೇ. ಹೊಸ ಒಡಂಬಡಿಕೆಯಲ್ಲಿ ಯೇಸು ಜನರ ಮೈಯಿಂದ ಬಿಡಿಸುವುದು ಇದರದೇ ಇನ್ನೊಂದು ರೂಪವಾದ ‘ದೈಮೋನಿಯೊನ್’ಗಳನ್ನು, ಕನ್ನಡ ಸತ್ಯವೇದದಲ್ಲಿ ಅವು ದೆವ್ವಗಳು. ಅಂದರೆ ಒಂದೇ ಬೇರಿನಿಂದ ಒಂದು ಕಾಲದಲ್ಲಿ ಸುಖಕ್ಕೆ ಹೆಸರು ಬಂತು, ಇನ್ನೊಂದು ಕಾಲದಲ್ಲಿ ಮೈಮೇಲೆ ಬಂದು ನೆಲಕ್ಕೆ ಕೆಡಹುವ ಪೀಡೆಗೆ.

ನಾನು ಗ್ರೀಕ್ ಪಂಡಿತನಲ್ಲ. ಮುಂಬಯಿಯ ಲೋಕಲ್ ರೈಲಿನಲ್ಲಿ ದಿನಕ್ಕೆ ಎರಡೂವರೆ ತಾಸು ಕಳೆಯುವವನು. ಆ ಹೊತ್ತಿನಲ್ಲಿ ಓದುವವನು. ಈ ಪದದ ಬೆನ್ನು ಹತ್ತಲು ನನಗೆ ನನ್ನದೇ ಕಾರಣವಿತ್ತು. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಪದದ ಕತೆ.

ಪಾಲು ಹಂಚುವವನು

ಹೋಮರನ ಕಾವ್ಯಗಳಲ್ಲಿ ದೈಮೋನ್ ಕೆಟ್ಟದ್ದಲ್ಲ, ಒಳ್ಳೆಯದೂ ಅಲ್ಲ. ಯಾವ ದೇವರು ಮಾಡಿಸಿದ್ದೆಂದು ಗೊತ್ತಾಗದ, ಆದರೆ ಮನುಷ್ಯನದಲ್ಲ ಎಂದು ಖಚಿತವಾಗಿ ಅನ್ನಿಸುವ ಶಕ್ತಿಗೆ ಅಲ್ಲಿ ಆ ಹೆಸರು. ಕೆಲವೊಮ್ಮೆ ಒಲಿಂಪಸ್ಸಿನ ದೇವತೆಗಳನ್ನೇ ಹಾಗೆ ಕರೆಯುವುದುಂಟು. ಪದದ ಮೂಲ ‘ಹಂಚು, ಪಾಲು ಮಾಡು’ ಎಂಬ ಕ್ರಿಯಾಪದ ಎಂದು ಭಾಷಾಶಾಸ್ತ್ರಜ್ಞರು ಸಾಮಾನ್ಯವಾಗಿ ಒಪ್ಪುತ್ತಾರೆ. ನಮ್ಮ ಪಾಲಿಗೆ ಬಂದದ್ದನ್ನು ಹಂಚಿಕೊಟ್ಟವನು ದೈಮೋನ್. ‘ದೈವ ಕೊಟ್ಟಷ್ಟು’ ಎಂದು ನಾವು ಹೇಳುವಾಗ ಇರುವ ಭಾವವೇ ಅದು. ಒಳ್ಳೆಯ ಹಂಚಿಕೆಯವನು ಸಿಕ್ಕಿದವನ ಬಾಳು ಯುದೈಮೋನಿಯಾ.

ಇಲ್ಲಿ ಒಂದು ಎಚ್ಚರ ಬೇಕು. ದೈಮೋನ್, ದೈವ ಎರಡೂ ಕಿವಿಗೆ ಅಕ್ಕಪಕ್ಕದ ಮನೆಯವರಂತೆ ಕೇಳಿಸುತ್ತವೆ; ಆದರೆ ನೆಂಟಸ್ತಿಕೆಯಿಲ್ಲ. ಸಂಸ್ಕೃತದ ‘ದೇವ’, ಅದರಿಂದ ಬಂದ ‘ದೈವ’, ಹೊಳೆಯುವುದಕ್ಕೆ, ಬೆಳಗುವುದಕ್ಕೆ ಸಂಬಂಧಿಸಿದ ಧಾತುವಿನವು. ಇವೆರಡರ ನಡುವೆ ಇರುವುದು ರಕ್ತಸಂಬಂಧವಲ್ಲ, ಒಂದೇ ಬಗೆಯ ಹಣೆಬರಹ.

ಹೆಸಿಯಡ್ ಎಂಬ ಕವಿ ಇನ್ನೊಂದು ಅರ್ಥ ಸೇರಿಸಿದ. ಸುವರ್ಣಯುಗದ ಜನ ಸತ್ತ ಮೇಲೆ ದೈಮೋನ್‌ಗಳಾದರು. ಕಣ್ಣಿಗೆ ಕಾಣದೆ ಭೂಮಿಯ ಮೇಲೆ ಓಡಾಡುತ್ತ ಮನುಷ್ಯರನ್ನು ಕಾಯುತ್ತಾರೆ, ನ್ಯಾಯ ಅನ್ಯಾಯಗಳನ್ನು ಗಮನಿಸುತ್ತಾರೆ ಎಂದ. ಪ್ಲೇಟೋ ತನ್ನ ‘ಸಿಂಪೋಸಿಯಂ’ನಲ್ಲಿ ಡಿಯೋಟಿಮಾ ಎಂಬ ಹೆಂಗಸಿನ ಬಾಯಲ್ಲಿ ಮೂರನೆಯ ಅರ್ಥ ಹೇಳಿಸಿದ. ಪ್ರೇಮ ದೇವರೂ ಅಲ್ಲ, ಮನುಷ್ಯನೂ ಅಲ್ಲ, ಅದೊಂದು ದೊಡ್ಡ ದೈಮೋನ್. ಮನುಷ್ಯರ ಪ್ರಾರ್ಥನೆಯನ್ನು ದೇವರಿಗೆ, ದೇವರ ಅಪ್ಪಣೆಯನ್ನು ಮನುಷ್ಯರಿಗೆ ಮುಟ್ಟಿಸುವ ನಡುವಿನವನು.

ಸಾಕ್ರೆಟಿಸನ ವಿಷಯವಂತೂ ಎಲ್ಲರಿಗೂ ಗೊತ್ತು. ಚಿಕ್ಕಂದಿನಿಂದ ತನ್ನೊಳಗೆ ಒಂದು ದನಿ ಬರುತ್ತದೆ, ತಪ್ಪು ಹೆಜ್ಜೆ ಇಡಲು ಹೊರಟಾಗ ತಡೆಯುತ್ತದೆ ಎಂದು ಆತ ಹೇಳುತ್ತಿದ್ದ. ಅದಕ್ಕೆ ಅವನು ಬಳಸಿದ ಪದ ‘ದೈಮೋನಿಯೊನ್’. ದೈಮೋನ್‌ಗೆ ಸಂಬಂಧಿಸಿದ್ದು ಎಂದಷ್ಟೇ ಅರ್ಥ. ಕ್ರಿ.ಪೂ. 399ರಲ್ಲಿ ಅಥೆನ್ಸಿನ ನ್ಯಾಯಾಲಯದಲ್ಲಿ ಅವನ ಮೇಲೆ ಹೊರಿಸಿದ ಆರೋಪಗಳಲ್ಲಿ ಒಂದು, ಊರು ನಂಬುವ ದೇವರುಗಳನ್ನು ಬಿಟ್ಟು ಹೊಸ ದೈಮೋನಿಯಗಳನ್ನು ತರುತ್ತಿದ್ದಾನೆ ಎಂಬುದು. ಅವನಿಗೆ ವಿಷ ಕುಡಿಸಿದ ಆರೋಪಪಟ್ಟಿಯಲ್ಲಿ ಈ ಪದವಿದೆ. ಆದರೆ ಆಗಲೂ ಅದರ ಅರ್ಥ ದೆವ್ವವಲ್ಲ. ತಕರಾರಿದ್ದದ್ದು ‘ಹೊಸ’ ಎಂಬುದರ ಬಗ್ಗೆ.

ಅಲೆಕ್ಸಾಂಡ್ರಿಯದ ಅನುವಾದಕರು

ಪದ ಮಗ್ಗುಲು ಬದಲಿಸಿದ್ದು ಅಥೆನ್ಸಿನಲ್ಲಲ್ಲ, ಈಜಿಪ್ಟಿನಲ್ಲಿ; ಅದೂ ವಲಸೆಗಾರರ ಕೈಯಲ್ಲಿ.

ಕ್ರಿ.ಪೂ. 3ನೆಯ ಶತಮಾನದ ಹೊತ್ತಿಗೆ ಅಲೆಕ್ಸಾಂಡ್ರಿಯದಲ್ಲಿ ನೆಲೆಸಿದ್ದ ಯೆಹೂದ್ಯರ ಮಕ್ಕಳಿಗೆ ಹೀಬ್ರೂ ಸರಿಯಾಗಿ ಬರುತ್ತಿರಲಿಲ್ಲ. ಮನೆಮಾತು ಗ್ರೀಕ್ ಆಗಿಹೋಗಿತ್ತು. (ನಮ್ಮ ಮಕ್ಕಳ ಕನ್ನಡ ನೆನಪಾದರೆ ಅದು ಓದುಗರ ತಪ್ಪಲ್ಲ.) ಅವರಿಗಾಗಿ ಧರ್ಮಗ್ರಂಥವನ್ನು ಗ್ರೀಕಿಗೆ ತರುವ ಕೆಲಸ ಶುರುವಾಗಿ ಹಲವು ತಲೆಮಾರು ನಡೆಯಿತು. ಅದನ್ನೇ ಸೆಪ್ಟುಅಜಿಂಟ್ ಎನ್ನುತ್ತಾರೆ.

ಆ ಅನುವಾದಕರಿಗೆ ಹೀಬ್ರೂವಿನಲ್ಲಿ ಬೇರೆ ಬೇರೆ ಪದಗಳು ಎದುರಾದವು. ಧರ್ಮೋಪದೇಶಕಾಂಡದಲ್ಲಿ ‘ಶೇದೀಮ್’ ಇದ್ದವು. ಇಸ್ರೇಲರು ದಾರಿ ತಪ್ಪಿ ಇವಕ್ಕೆ ಬಲಿ ಕೊಟ್ಟರೆಂದು ಅಲ್ಲಿ ದೂರಿದೆ. ಯೆಶಾಯನ ಪುಸ್ತಕದಲ್ಲಿ ಹಾಳೂರುಗಳಲ್ಲಿ ಕುಣಿಯುವ, ಹೋತದಂಥ ಮೈಗೂದಲಿನ ‘ಸೆಯಿರೀಮ್’ ಇದ್ದವು. ಕೀರ್ತನೆಗಳಲ್ಲಿ ಅನ್ಯರ ದೇವರುಗಳನ್ನು ಹಳಿಯಲು ಬಳಸಿದ, ‘ಕೆಲಸಕ್ಕೆ ಬಾರದವು’ ಎಂಬ ಧ್ವನಿಯ ‘ಎಲೀಲೀಮ್’ ಇತ್ತು. ಯೆಶಾಯನಲ್ಲೇ ಇನ್ನೊಂದು ಕಡೆ ‘ಗಾದ್’ ಎಂಬ ಅದೃಷ್ಟದೇವತೆಗೆ ಊಟದ ಮೇಜು ಹಾಸುವ ಮಾತಿತ್ತು. ಕಾಡಿನ ಪಿಶಾಚಿ, ನೆರೆಯವರ ದೇವರು, ಪೊಳ್ಳು ವಿಗ್ರಹ, ಅದೃಷ್ಟದೇವತೆ ಹೀಗೆ ನಾಲ್ಕು ಬಗೆಯವು. ಮೊದಲ ಮೂರನ್ನೂ ಅನುವಾದಕರು ‘ದೈಮೋನಿಯ’ ಎಂಬ ಒಂದೇ ಚೀಲಕ್ಕೆ ಹಾಕಿದರು; ಗಾದ್‌ಗೆ ‘ದೈಮೋನ್’ ಎಂದೇ ಬರೆದರು.

ಅವರ ದೃಷ್ಟಿಯಿಂದ ಅದು ಜಾಣತನದ ಆಯ್ಕೆ. ‘ಥಿಯೋಸ್’ ಎಂಬ ಪದವನ್ನು ತಮ್ಮ ಒಬ್ಬನೇ ದೇವರಿಗೆ ಮೀಸಲಿಡಬೇಕಿತ್ತು. ಉಳಿದವಕ್ಕೆ ದೇವರಿಗಿಂತ ಕೆಳಗಿನ ಪದವೊಂದು ಗ್ರೀಕಿನಲ್ಲಿ ಸಿದ್ಧವಾಗಿಯೇ ಇತ್ತು. ಆದರೆ ಆ ಒಂದು ಆಯ್ಕೆಯಿಂದ, ಕೆಳಗಿನದು ಎಂಬ ಪದ ಕೆಟ್ಟದ್ದು ಎಂಬ ಪದವಾಗಿ ಹೊರಳಿತು.

‘ಶೇದ್’ ಎಂಬ ಹೀಬ್ರೂ ಪದದ ಕತೆಯೂ ಹೀಗೆಯೇ. ಅದಕ್ಕೆ ಮೆಸೊಪೊಟೇಮಿಯದ ಅಕ್ಕಾಡಿಯನ್ ಭಾಷೆಯ ‘ಶೇದು’ವಿನ ನಂಟಿದೆ. ಶೇದು ಎಂದರೆ ಅಲ್ಲಿ ಕಾಯುವ ಶಕ್ತಿ. ಅಸ್ಸೀರಿಯದ ಅರಮನೆ ಬಾಗಿಲುಗಳಲ್ಲಿ ನಿಲ್ಲಿಸುತ್ತಿದ್ದ, ಮನುಷ್ಯನ ಮುಖ, ಗೂಳಿಯ ಮೈ, ಹದ್ದಿನ ರೆಕ್ಕೆಯ ಬೃಹತ್ ಶಿಲ್ಪಗಳಿಗೆ ಈ ಹೆಸರು ಅಂಟಿಕೊಂಡಿದೆ. ಬಾಬಿಲೋನಿನ ದ್ವಾರಪಾಲಕ ಜೆರೂಸಲೇಮಿನ ಪಿಶಾಚಿಯಾಯಿತು. ಗ್ರೀಸಿನ ಕಾವಲುಗಾರ ಅಲೆಕ್ಸಾಂಡ್ರಿಯದಲ್ಲಿ ಅದರ ಅನುವಾದವಾಯಿತು.

ಈ ಅನುವಾದದಲ್ಲಿ ಒಂದು ಹೊಸ ದೆವ್ವವೇ ಹುಟ್ಟಿತು. ಹೀಬ್ರೂ ಕೀರ್ತನೆಯೊಂದರಲ್ಲಿ ಮಧ್ಯಾಹ್ನದಲ್ಲಿ ಹಾಳುಗೆಡಹುವ ಕೇಡಿನ ಮಾತಿದೆ. ಆ ‘ಹಾಳುಗೆಡಹು’ ಎಂಬ ಕ್ರಿಯಾಪದದ ಅಕ್ಷರಗಳಲ್ಲಿ ಅನುವಾದಕ ‘ಶೇದ್’ ಕಂಡ. ಗ್ರೀಕಿನಲ್ಲಿ ಅದು ‘ಮಧ್ಯಾಹ್ನದ ದೈಮೋನಿಯೊನ್’ ಆಯಿತು. ಕ್ರಿ.ಶ. 4ನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಸಂನ್ಯಾಸಿ ಇವಾಗ್ರಿಯಸ್ ಅದಕ್ಕೆ ಕೆಲಸ ಕೊಟ್ಟ. ನಡುಹಗಲಲ್ಲಿ ಬಂದು, ಸೂರ್ಯ ಮುಂದಕ್ಕೆ ಸರಿಯುತ್ತಲೇ ಇಲ್ಲ ಅನ್ನಿಸಿ, ಇರುವ ಜಾಗದ ಮೇಲೆ, ಮಾಡುವ ಕೆಲಸದ ಮೇಲೆ ಜಿಗುಪ್ಸೆ ಹುಟ್ಟಿಸುವ ದೆವ್ವವದು. ಆಫೀಸಿನಲ್ಲಿ ಊಟದ ನಂತರ ಕುರ್ಚಿಯಲ್ಲಿ ಕೂತವರಿಗೆ ಅದರ ಪರಿಚಯ ಮಾಡಿಕೊಡಬೇಕಾಗಿಲ್ಲ.

ಸುವಾರ್ತೆಗಳಲ್ಲಿ

ಹೊಸ ಒಡಂಬಡಿಕೆ ಬರೆದವರು ಓದಿ ಬೆಳೆದದ್ದು ಈ ಗ್ರೀಕ್ ಬೈಬಲನ್ನು. ‘ದೈಮೋನಿಯೊನ್’ ಅದರಲ್ಲಿ 60ಕ್ಕೂ ಹೆಚ್ಚು ಸಲ ಬರುತ್ತದೆ. ‘ದೈಮೋನ್’ ಎಂಬ ಹಳೆಯ ಗೌರವದ ರೂಪವಾದರೋ, ಹಳೆಯ ಹಸ್ತಪ್ರತಿಗಳ ಪ್ರಕಾರ ಒಂದೇ ಸಲ, ಮತ್ತಾಯನ ಸುವಾರ್ತೆಯಲ್ಲಿ. ಮಾರ್ಕ ‘ಅಶುದ್ಧ ಆತ್ಮ’ ಎಂಬ ಯೆಹೂದ್ಯರ ಮಾತನ್ನೂ ಜೊತೆಗೆ ಬಳಸುತ್ತಾನೆ, ಎರಡೂ ಒಂದೇ ಎಂಬಂತೆ.

ಗಮನಿಸಬೇಕಾದ ವಿಷಯವೊಂದಿದೆ. ‘ದಿಯಾಬೊಲೊಸ್’ ಎಂಬುದು ಬೇರೆಯೇ ಪದ. ಮೂಲಾರ್ಥ ಚಾಡಿಕೋರ, ಅಪವಾದ ಹೊರಿಸುವವನು. ಅವನು ಸೈತಾನ, ಒಬ್ಬನೇ. ದೈಮೋನಿಯಗಳು ಹಲವು. ಗ್ರೀಕ್ ಮೂಲ ಇವೆರಡನ್ನು ಬೆರೆಸುವುದಿಲ್ಲ. 1611ರ ಇಂಗ್ಲಿಷ್ ಬೈಬಲ್ ಎರಡಕ್ಕೂ ‘ಡೆವಿಲ್’ ಎಂದು ಬರೆದು ಗೆರೆ ಅಳಿಸಿಹಾಕಿತು. ಅದನ್ನು ತಿದ್ದಿ ‘ಡೀಮನ್’ ಎಂದು ಪಠ್ಯದಲ್ಲೇ ಬೇರೆ ಮಾಡಿದ್ದು 1901ರ ಅಮೆರಿಕನ್ ಆವೃತ್ತಿ. ಕನ್ನಡ ಸತ್ಯವೇದ ಸೈತಾನ, ದೆವ್ವ ಎಂದು ಎರಡು ಪದ ಇಟ್ಟುಕೊಂಡಿದೆ.

ಇವು ಮಾಡುವ ಕೆಲಸವೇನು? ಮಾತು ಕಟ್ಟಿಸುತ್ತವೆ, ಬಾಯಲ್ಲಿ ನೊರೆ ಬರಿಸುತ್ತವೆ, ಬೆಂಕಿಗೆ ನೀರಿಗೆ ಬೀಳಿಸುತ್ತವೆ. ಗೆರಸೇನರ ಸೀಮೆಯಲ್ಲಿ ಒಬ್ಬನನ್ನು ಜನ ಸರಪಳಿಯಿಂದ ಕಟ್ಟುತ್ತಾರೆ. ಅವನು ಸಮಾಧಿಗಳ ನಡುವೆ ಕಿರುಚುತ್ತ ಕಲ್ಲಿನಿಂದ ಮೈ ಗಾಯ ಮಾಡಿಕೊಳ್ಳುತ್ತಾನೆ. ಇದು ಅಪಸ್ಮಾರ, ಇದು ಬುದ್ಧಿಭ್ರಮಣೆ ಎಂದು ನಮಗೆ ಅನ್ನಿಸುವುದು ಸಹಜ. 1737ರಲ್ಲಿ ಸೈಕ್ಸ್, 1775ರಲ್ಲಿ ಹ್ಯೂ ಫಾರ್ಮರ್ ಎಂಬ ಇಂಗ್ಲಿಷ್ ಪಾದ್ರಿಗಳೇ ಹೀಗೆ ವಾದಿಸಿ ಪುಸ್ತಕ ಬರೆದು ಗದ್ದಲ ಎಬ್ಬಿಸಿದ್ದರು. ಆದರೆ ಮತ್ತಾಯ ಒಂದು ಕಡೆ ದೈಮೋನಿಯೊನ್ ಹಿಡಿದವರು, ಚಂದ್ರಪೀಡಿತರು, ಪಾರ್ಶ್ವವಾಯುವಿನವರು ಎಂದು ಬೇರೆಬೇರೆಯಾಗಿ ಪಟ್ಟಿ ಮಾಡುತ್ತಾನೆ. ರೋಗ ಬೇರೆ, ಇದು ಬೇರೆ ಎಂಬ ಅರಿವು ಆ ಕಾಲದವರಿಗೂ ಇತ್ತು. ಗೆರೆ ಎಲ್ಲಿ ಎಳೆದರು ಎಂಬುದರಲ್ಲಿ ಮಾತ್ರ ನಮಗೂ ಅವರಿಗೂ ವ್ಯತ್ಯಾಸ.

ನನಗೆ ಮುಖ್ಯವೆನಿಸಿದ್ದು ಇನ್ನೊಂದು. ಈ ಕತೆಗಳಲ್ಲಿ ದೈಮೋನಿಯೊನ್ ಹಿಡಿದವನನ್ನು ಯೇಸು ಬಯ್ಯುವುದಿಲ್ಲ, ಹೊಡೆಯುವುದಿಲ್ಲ, ಪಾಪಿ ಎನ್ನುವುದಿಲ್ಲ. ಬೈಗುಳವೆಲ್ಲ ಹಿಡಿದದ್ದಕ್ಕೆ, ಹಿಡಿಸಿಕೊಂಡವನಿಗಲ್ಲ. ಕತೆಯ ಕೊನೆಗೆ ಸಮಾಧಿಯವನು ಬಟ್ಟೆ ಉಟ್ಟು, ಸ್ವಸ್ಥ ಮನಸ್ಸಿನಿಂದ ಕೂತಿರುತ್ತಾನೆ. ಮನೆಗೆ ಹೋಗು ಎಂದು ಅವನಿಗೆ ಹೇಳಲಾಗುತ್ತದೆ. ಮುಂದೆ ಯುರೋಪಿನಲ್ಲಿ ದೆವ್ವದ ಹೆಸರಿನಲ್ಲಿ ಹೆಂಗಸರನ್ನು ಸುಟ್ಟವರು ಈ ಭಾಗವನ್ನು ಮರೆತರು.

ಆ ಪದ ಯೇಸುವನ್ನೂ ಬಿಡಲಿಲ್ಲ. ಯೋಹಾನನ ಸುವಾರ್ತೆಯಲ್ಲಿ ದೈಮೋನಿಯೊನ್ ಬಿಡಿಸುವ ಪ್ರಸಂಗ ಒಂದೂ ಇಲ್ಲ. ಪದ ಬರುವುದೆಲ್ಲ ‘ಇವನಿಗೆ ದೆವ್ವ ಹಿಡಿದಿದೆ’ ಎಂದು ಜನ ಯೇಸುವನ್ನು ಮೂದಲಿಸುವಾಗ, ಇಲ್ಲವೇ ಆ ಮೂದಲಿಕೆಗೆ ಉತ್ತರ ಕೊಡುವಾಗ. ದೆವ್ವಗಳ ಒಡೆಯನೆಂದು ಸುವಾರ್ತೆಗಳಲ್ಲಿ ಬರುವ ಬೆಲ್ಜೆಬೂಲನ ಹೆಸರಿಗೂ ಫಿಲಿಷ್ಟಿಯರ ಎಕ್ರೋನ್ ಪಟ್ಟಣದ ದೇವರಿಗೂ ನಂಟಿದೆ. ಅದೂ ಯಾರದೋ ಊರ ದೇವರೇ.

ಅಥೆನ್ಸಿನಲ್ಲಿ ಪೌಲ

ಹೊಸ ಒಡಂಬಡಿಕೆಯಲ್ಲಿ ಒಂದೇ ಒಂದು ಕಡೆ ಈ ಪದಕ್ಕೆ ಹಳೆಯ ಅರ್ಥ ಮರಳುತ್ತದೆ. ಪೌಲ ಅಥೆನ್ಸಿಗೆ ಬಂದು ಸಂತೆಬೀದಿಯಲ್ಲಿ ವಾದಕ್ಕೆ ನಿಂತಾಗ ಅಲ್ಲಿನ ತತ್ತ್ವಜ್ಞಾನಿಗಳು ‘ಇವನು ಪರದೇಶದ ದೈಮೋನಿಯಗಳನ್ನು ಸಾರುವವನಿರಬೇಕು’ ಎನ್ನುತ್ತಾರೆ. ಅವರು ಪೌಲನ ಮೇಲೆ ದೆವ್ವದ ಆರೋಪ ಹೊರಿಸುತ್ತಿಲ್ಲ. ಹೊಸ ದೇವರುಗಳನ್ನು ತಂದಿದ್ದಾನೆ ಎನ್ನುತ್ತಿದ್ದಾರೆ. ಸಾಕ್ರೆಟಿಸನ ಮೇಲಿದ್ದ ದೂರಿನ ಪ್ರತಿಧ್ವನಿಯನ್ನು ಬರೆದವನು ಬೇಕೆಂದೇ ಇಟ್ಟಂತಿದೆ. ಪೌಲನೂ ಜಾಣ. ಉತ್ತರ ಶುರುಮಾಡುವಾಗ ಅಥೆನ್ಸಿನವರನ್ನು ‘ದೈಸಿದೈಮೋನ್’ಗಳು, ಅಂದರೆ ದೈಮೋನ್‌ಗಳಿಗೆ ಬಹಳ ಅಂಜುವವರು ಎಂದು ಕರೆಯುತ್ತಾನೆ. ‘ಭಕ್ತಿವಂತರು’ ಎಂದೂ ಓದಬಹುದು, ‘ಮೂಢನಂಬಿಕೆಯವರು’ ಎಂದೂ ಓದಬಹುದು. ಭಾಷಾಂತರಕಾರರು ಇಂದಿಗೂ ಎರಡರ ನಡುವೆ ಜೋಲಿ ಹೊಡೆಯುತ್ತಿದ್ದಾರೆ.

ಅದೇ ಪೌಲ ಕೊರಿಂಥದವರಿಗೆ ಬರೆದ ಪತ್ರದಲ್ಲಿ ಅನ್ಯಜನರು ಬಲಿ ಕೊಡುವುದು ದೇವರಿಗಲ್ಲ, ದೈಮೋನಿಯಗಳಿಗೆ ಎನ್ನುತ್ತಾನೆ; ಧರ್ಮೋಪದೇಶಕಾಂಡದ ಶೇದೀಮ್ ಮಾತು ಇಲ್ಲಿ ಮರಳಿ ಬಂತು. ಆದರೆ ಅದೇ ಪತ್ರದಲ್ಲಿ ವಿಗ್ರಹವೆಂಬುದೇ ಏನೂ ಅಲ್ಲ ಎಂದೂ, ಅಂಗಡಿಯಲ್ಲಿ ಮಾರುವ ಮಾಂಸವನ್ನು ವಿಚಾರಣೆ ಮಾಡದೆ ತಿನ್ನಿ ಎಂದೂ ಹೇಳುತ್ತಾನೆ. ಅವನ ಚಿಂತೆ ನೆರೆಯವರ ದೇವರಿಗೆ ಹೆಸರಿಡುವುದಲ್ಲ. ತನ್ನವರು ಎರಡು ಪಂಕ್ತಿಯಲ್ಲಿ ಕೂರಬಾರದು ಎಂಬುದು. ಮುಂದಿನವರು ಆ ವಾಕ್ಯವನ್ನು ಮಾತ್ರ ಕಿತ್ತುಕೊಂಡರು, ಸಂದರ್ಭವನ್ನು ಅಲ್ಲೇ ಬಿಟ್ಟರು.

ಕ್ರಿ.ಶ. 150ರ ಆಸುಪಾಸಿನಲ್ಲಿ ರೋಮಿನಲ್ಲಿದ್ದ ಜಸ್ಟಿನ್, ಗ್ರೀಕರು ದೇವರೆಂದು ಪೂಜಿಸುವವೆಲ್ಲ ದುಷ್ಟ ದೈಮೋನ್‌ಗಳು ಎಂದು ಬರೆದ. ಸಾಕ್ರೆಟಿಸ್ ಅವುಗಳ ಬಣ್ಣ ಬಯಲು ಮಾಡಲು ಹೊರಟಿದ್ದಕ್ಕೆ ಆ ದೈಮೋನ್‌ಗಳೇ ಅವನನ್ನು ಕೊಲ್ಲಿಸಿದವು ಎಂದೂ ಸೇರಿಸಿದ. ತನ್ನ ದೈಮೋನಿಯೊನ್‌ಗಾಗಿ ಸತ್ತವನನ್ನು ದೈಮೋನ್‌ಗಳು ಕೊಂದವು! ಆ ಕಾಲದಲ್ಲಿ ರೋಮನ್ನರು ಕ್ರೈಸ್ತರನ್ನು ‘ನಾಸ್ತಿಕರು’ ಎಂದು ಕರೆದು ಶಿಕ್ಷಿಸುತ್ತಿದ್ದರು ಎಂಬುದನ್ನೂ ನೆನಪಿಡಬೇಕು. ಜಸ್ಟಿನ್ ಸ್ವತಃ ಪ್ರಾಣ ಕೊಟ್ಟವನು. ಬೈಗುಳ ಆಗ ಎರಡೂ ಕಡೆಯಿಂದ ಹಾರುತ್ತಿತ್ತು. ಕತ್ತಿ ಮಾತ್ರ ಒಂದೇ ಕಡೆಯಿತ್ತು.

5ನೆಯ ಶತಮಾನದ ಅಗಸ್ಟಿನ್ ಬರೆಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ಒಳ್ಳೆಯ ದೈಮೋನ್‌ಗಳೂ ಇವೆಯೆಂದು ವಾದಿಸುವ ಪಂಡಿತರಿಗೆ ಅವನ ಉತ್ತರದ ತಾತ್ಪರ್ಯ ಇಷ್ಟು: ನಿಮ್ಮ ಆಳನ್ನು ಹೊಗಳಲಾದರೂ ‘ನಿನ್ನಲ್ಲಿ ದೈಮೋನ್ ಇದೆ’ ಎಂದು ಹೇಳಿನೋಡಿ, ಅವನು ಬೈಗುಳವೆಂದೇ ತಿಳಿಯುತ್ತಾನೆ. ಪುಸ್ತಕದ ಅರ್ಥ ಏನೇ ಇರಲಿ, ಬೀದಿಯ ಅರ್ಥ ಗೆದ್ದಿತ್ತು.

ಬಳ್ಳಾರಿ, ಮಂಗಳೂರು, ಮುಂಬಯಿ

ಈಗ ನನ್ನ ಕಾರಣಕ್ಕೆ ಬರುತ್ತೇನೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದರು. 1831ರ ಹೊತ್ತಿಗೆ ಪೂರ್ಣ ಕನ್ನಡ ಬೈಬಲ್ ಅಚ್ಚಾಯಿತು. ಮುಂದೆ ಕನ್ನಡದ ಸತ್ಯವೇದದಲ್ಲಿ ದೈಮೋನಿಯೊನ್‌ಗೆ ನೆಲೆನಿಂತ ಪದ ‘ದೆವ್ವ’. ‘ದೆವ್ವ’ ಎಲ್ಲಿಂದ ಬಂತು? ದೇವ, ದೈವಗಳ ಬಳಗದ ತದ್ಭವವದು. ಹಳ್ಳಿಯ ಬಾಯಲ್ಲಿ ದೇವರಾಗಿದ್ದದ್ದೇ ಸವೆದು ದೆವ್ವವಾಗಿತ್ತು. ಗ್ರೀಕಿನಲ್ಲಿ ಅಷ್ಟು ಶತಮಾನ ಹಿಡಿದ ಬದಲಾವಣೆ ಕನ್ನಡದಲ್ಲಿ ಆಗಲೇ ನಡೆದುಹೋಗಿತ್ತು. ಅರಿತೋ ಅರಿಯದೆಯೋ, ಅನುವಾದಕರ ಕೈಗೆ ದೈಮೋನಿಯೊನ್‌ಗೆ ಒಪ್ಪುವ ಅವಳಿ ಪದವೇ ಸಿಕ್ಕಿತು.

ಮುಂಬಯಿಯವರಾದ ನಮಗೆ ಇನ್ನೊಂದು ನಿದರ್ಶನ ಕೈಗೆಟುಕುವಷ್ಟು ಹತ್ತಿರವಿದೆ. ಪಾರ್ಸಿಗಳ ಅವೆಸ್ತಾದಲ್ಲಿ ‘ದಏವ’ ಎಂದರೆ ದುಷ್ಟಶಕ್ತಿ. ಅವರ ‘ವೆಂದಿದಾದ್’ ಗ್ರಂಥದ ಹೆಸರಿಗೇ ದಏವಗಳ ವಿರುದ್ಧದ ಕಟ್ಟಳೆ ಎಂದು ಅರ್ಥ. ಆ ದಏವಗಳಲ್ಲಿ ಇಂದ್ರನ ಹೆಸರೂ ಇದೆ. ನಾವು ಅಸುರ ಎಂದು ಬಯ್ಯುವ ಪದ ಅವರಲ್ಲಿ ‘ಅಹುರ’ ಆಗಿ ಪರಮದೇವರ ಹೆಸರಿನಲ್ಲಿದೆ. ಅಗಿಯಾರಿಯ ಮುಂದೆ ಹಾದುಹೋಗುವಾಗ ನನಗೆ ಈ ನೆನಪು ಬರುತ್ತದೆ. ಯಾರ ಮೇಲೂ ಸಿಟ್ಟು ಬರುವುದಿಲ್ಲ.

ನಮ್ಮ ಮನೆ ಉಡುಪಿ ಕಡೆಯದು. ಮನೆಯ ದೈವ ಪಂಜುರ್ಲಿ. ವರ್ಷಕ್ಕೊಮ್ಮೆ ತಂಬಿಲಕ್ಕೆ ಊರಿಗೆ ಹೋಗುತ್ತೇವೆ. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂದ ಮೇಲೆ ಇಂಥ ದೈವಗಳಿಗೆ ಬರಹದಲ್ಲಿ ಸಿಕ್ಕ ಹೆಸರು ‘ಡೆವಿಲ್’. ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ಬರ್ನೆಲ್ ತುಳುವರ ಪಾಡ್ದನಗಳನ್ನು ಶ್ರದ್ಧೆಯಿಂದ ಸಂಗ್ರಹಿಸಿದರು. ಅವರು ತೀರಿಕೊಂಡ ಮೇಲೆ 1894ರಿಂದ ಅದು ಇಂಡಿಯನ್ ಆಂಟಿಕ್ವರಿಯಲ್ಲಿ ಅಚ್ಚಾಯಿತು. ಶೀರ್ಷಿಕೆ ‘ತುಳುವರ ಡೆವಿಲ್ ಪೂಜೆ’ ಎಂಬರ್ಥದ್ದು. ಸಂಗ್ರಹಕ್ಕೆ ನಾವು ಋಣಿಗಳು. ಶೀರ್ಷಿಕೆ ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

2022ರಲ್ಲಿ ‘ಕಾಂತಾರ’ ಬಂದ ಮೇಲೆ ನಮ್ಮ ಆಫೀಸಿನಲ್ಲೂ ದೈವದ ಬಗ್ಗೆ ಕೇಳುವವರು ಹೆಚ್ಚಾದರು. ‘ದೈವ ಅಂದ್ರೆ ಡೀಮನ್ ತಾನೇ?’ ಎಂದು ಒಬ್ಬ ಸಹೋದ್ಯೋಗಿ ಸಹಜವಾಗಿಯೇ ಕೇಳಿದ. ಅದೇ ವಾರ ನನ್ನ ಗೆಳೆಯನೊಬ್ಬನಿಗೆ ಇದನ್ನು ಹೇಳಿದೆ. ಅವನೂ ಉಡುಪಿಯವನೇ, ಹಳೆಯ ಬಾಸೆಲ್ ಮಿಷನ್ ಸಭೆಯ ಕುಟುಂಬದವನು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವನು ಅಂದ: “ನಮ್ಮ ಮನೆಯಲ್ಲೂ ಒಂದು ದೈವ ಇತ್ತಂತೆ ಮಾರಾಯ. ಮುತ್ತಜ್ಜ ಸಭೆಗೆ ಸೇರಿದಾಗ ಬಿಟ್ಟದ್ದು. ಅಜ್ಜ ಅದನ್ನು ದೆವ್ವ ಅಂತಲೇ ಹೇಳುತ್ತಿದ್ದರು. ಆದರೆ ಆ ಕಟ್ಟೆಯ ಹತ್ತಿರ ಹೋಗುವಾಗ ಚಪ್ಪಲಿ ಬಿಡುತ್ತಿದ್ದರು.”

ಆ ಅಜ್ಜನ ಕಾಲಿಗೆ ಗೊತ್ತಿದ್ದದ್ದು ನಾಲಗೆಗೆ ಹೇಳಲು ಬರುತ್ತಿರಲಿಲ್ಲ. ಅದನ್ನು ಹೇಳುವ ಪದ ಅವರ ಹೊಸ ಪುಸ್ತಕದಲ್ಲಿ ಇರಲಿಲ್ಲ. ಪಾಪ, ಅವರ ತಪ್ಪೂ ಅಲ್ಲ, ಅನುವಾದಕರ ದುರುದ್ದೇಶವೂ ಅಲ್ಲ. ಅಲೆಕ್ಸಾಂಡ್ರಿಯದಲ್ಲಿ ಎಂದೋ ನಾಲ್ಕು ಪದಗಳು ಒಂದೇ ಬೇರಿಗೆ ಬಂದು ಸೇರಿದ್ದರ ಫಲ ಅದು. ದೇವರಿಗೂ ಪೀಡೆಗೂ ನಡುವೆ ಇದ್ದ ದೊಡ್ಡ ಜಾಗ, ಕಾಯುವ, ಹಂಚುವ, ತಡೆಯುವ, ನ್ಯಾಯ ಹೇಳುವ ಶಕ್ತಿಗಳ ಜಾಗ, ಪದವಿಲ್ಲದೆ ಹೋಯಿತು.

ಹಾಗಾಗಿ ಸಹೋದ್ಯೋಗಿಯ ಪ್ರಶ್ನೆಗೆ ನಾನು ಈಗ ಕೊಡುವ ಉತ್ತರ ಸ್ವಲ್ಪ ಉದ್ದ. ಡೀಮನ್ ಎಂದರೆ ಇವತ್ತಿನ ಅರ್ಥದಲ್ಲಿ ಅಲ್ಲವೇ ಅಲ್ಲ. ಹೆಸಿಯಡ್ ಹೇಳಿದ ಅರ್ಥದಲ್ಲಾದರೆ, ಕಣ್ಣಿಗೆ ಕಾಣದೆ ಓಡಾಡುತ್ತ, ಮನೆ ಕಾಯುತ್ತ, ನ್ಯಾಯ ಅನ್ಯಾಯ ನೋಡುವವನು ಎಂಬ ಅರ್ಥದಲ್ಲಾದರೆ, ಹೌದು, ಹತ್ತಿರ ಬಂದಿರಿ. ಅಷ್ಟು ಹೇಳುವುದರೊಳಗೆ ಸಾಮಾನ್ಯವಾಗಿ ದಾದರ್ ಬಂದಿರುತ್ತದೆ.